ಪೈಥಾನ್ ಪ್ರೋಗ್ರಾಂ ಅನ್ನು ಒಂದೇ ಫೈಲ್ ಮಾಡಿ ಕೊಡುವುದು ಹೇಗೆ?

‘ಪೈಥಾನ್ ಹಾಕಿಕೊಳ್ಳದವರ ಕಂಪ್ಯೂಟರಿನಲ್ಲೂ ನನ್ನ ಪ್ರೋಗ್ರಾಂ ರನ್ ಆಗಬೇಕು. ಅದಕ್ಕೆ ಬೇಕಾದ ಲೈಬ್ರರಿಗಳನ್ನೆಲ್ಲ ಸೇರಿಸಿ ಒಂದೇ ಫೈಲ್ ಮಾಡಿ ಕಳಿಸಬಹುದೆ?’ ಇದು ಪದೇ ಪದೇ ಬರುವ ಪ್ರಶ್ನೆ. ಕಳಿಸಬಹುದು, ಪೈಇನ್‌ಸ್ಟಾಲರ್ ಎಂಬ ಟೂಲ್ ಅದಕ್ಕೆ ಸಾಕು. ಆದರೆ ಆ ಒಂದು ಫೈಲಿನೊಳಗೆ ಏನಿರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಆಮೇಲೆ ಎದುರಾಗುವ ತೊಂದರೆಗಳಲ್ಲಿ ಮುಕ್ಕಾಲು ಪಾಲಿಗೆ ಕಾರಣ ಅಲ್ಲೇ ಸಿಗುತ್ತದೆ.

ಪೈಇನ್‌ಸ್ಟಾಲರ್ ನಿಮ್ಮ ಕೋಡನ್ನು ಕಂಪೈಲ್ ಮಾಡಿ ಯಂತ್ರಭಾಷೆಗೆ ಇಳಿಸುವುದಿಲ್ಲ. ಅದು ಕಟ್ಟುವುದು ಒಂದು ಮೂಟೆ. ಮುಂದುಗಡೆ ಬೂಟ್‌ಲೋಡರ್ ಎಂಬ ಸಿ ಭಾಷೆಯ ಪುಟ್ಟ ಪ್ರೋಗ್ರಾಂ. ಅದರ ಬೆನ್ನಿಗೆ ಪೈಥಾನ್ ಇಂಟರ್‌ಪ್ರಿಟರ್, ನಿಮ್ಮ ಕೋಡ್ ಮತ್ತು ಲೈಬ್ರರಿಗಳ ಬೈಟ್‌ಕೋಡ್ (ಇಂಟರ್‌ಪ್ರಿಟರ್ ಓದುವ ರೂಪ), ಜೊತೆಗೆ ವಿಂಡೋಸ್‌ನ ಡಿಎಲ್‌ಎಲ್ ಅಥವಾ ಲಿನಕ್ಸ್‌ನ ಎಸ್‌ಓ ಎಂಬ ಲೈಬ್ರರಿ ಫೈಲುಗಳು. ಬಳಸುವವರು ಡಬಲ್ ಕ್ಲಿಕ್ ಮಾಡಿದಾಗ ಬೂಟ್‌ಲೋಡರ್ ಟೆಂಪ್ ಫೋಲ್ಡರಿನಲ್ಲಿ ‘_ಎಂಇಐ’ ಎಂದು ಶುರುವಾಗುವ ಹೊಸ ಫೋಲ್ಡರ್ ಮಾಡಿ, ಮೂಟೆಯನ್ನು ಅಲ್ಲಿ ಬಿಚ್ಚಿ, ತನ್ನದೇ ಇನ್ನೊಂದು ಪ್ರೋಸೆಸ್ ಶುರು ಮಾಡಿ ಅದರಲ್ಲಿ ನಿಮ್ಮ ಕೋಡನ್ನು ನಡೆಸುತ್ತದೆ. ಕೆಲಸ ಮುಗಿದ ಮೇಲೆ ಫೋಲ್ಡರನ್ನು ಅಳಿಸುತ್ತದೆ.

ಪ್ರತಿ ಸಲವೂ ಇಷ್ಟೂ ನಡೆಯಬೇಕಾದ್ದರಿಂದಲೇ ಒಂಟಿ ಫೈಲ್ ತೆರೆದುಕೊಳ್ಳುವುದು ನಿಧಾನ. ನಂಪೈ, ಕ್ಯೂಟಿಯಂಥ ದೊಡ್ಡ ಲೈಬ್ರರಿಗಳಿದ್ದರೆ ಈ ವಿಳಂಬ ಕಣ್ಣಿಗೆ ಕಾಣುವಷ್ಟಿರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಒಂದೇ ಹೆಸರಿನ ಎರಡು ಪ್ರೋಸೆಸ್ ಕಾಣುವುದೂ ಇದರಿಂದಲೇ. ಮೊದಲನೆಯದನ್ನು ಬಲವಂತವಾಗಿ ನಿಲ್ಲಿಸಿದರೆ ಬಿಚ್ಚಿಟ್ಟ ಫೋಲ್ಡರ್ ಅಳಿಯದೆ ಉಳಿಯುತ್ತದೆ. ಹಾಗೆ ಹಲವು ಸಲ ಆದರೆ ಡಿಸ್ಕ್ ಸುಮ್ಮನೆ ತುಂಬುತ್ತದೆ.

ಕೆಲಸ ಶುರು ಮಾಡುವ ಮೊದಲು ಹೊಸದೊಂದು ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಕೆಲಸಕ್ಕಷ್ಟೇ ಮೀಸಲಾದ ಪೈಥಾನ್) ಮಾಡಿ, ನಿಮ್ಮ ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು ಮತ್ತು ಪೈಇನ್‌ಸ್ಟಾಲರನ್ನು ಮಾತ್ರ ಪಿಪ್ ಮೂಲಕ ಹಾಕಿ. ಕಂಡದ್ದನ್ನೆಲ್ಲ ಹಾಕಿಕೊಂಡ ಹಳೆಯ ಪೈಥಾನ್‌ನಿಂದ ಕಟ್ಟಿದರೆ, ಒಂದು ಲೈಬ್ರರಿ ‘ಇದ್ದರೆ ಬಳಸುತ್ತೇನೆ’ ಎಂದು ಕರೆಯುವ ಇನ್ನೊಂದು ದೊಡ್ಡ ಲೈಬ್ರರಿಯೂ ಜೊತೆಗೆ ಬಂದು ಸೇರುತ್ತದೆ. ಚಿಕ್ಕ ಸ್ಕ್ರಿಪ್ಟ್ ನೂರಾರು ಎಂಬಿ ಆಗುವುದು ಬಹುಮಟ್ಟಿಗೆ ಹೀಗೆ.

ಮೊದಲ ಸಲ ಒನ್‌ಫೈಲ್ ಆಯ್ಕೆಯನ್ನು ಮುಟ್ಟಲೇಬೇಡಿ. ಏನೂ ಹೇಳದಿದ್ದರೆ ಪೈಇನ್‌ಸ್ಟಾಲರ್ ‘ಡಿಸ್ಟ್’ ಒಳಗೆ ಫೋಲ್ಡರ್ ರೂಪದಲ್ಲಿ ಕಟ್ಟಿಕೊಡುತ್ತದೆ. ಯಾವ ಫೈಲ್ ಬಂದಿದೆ, ಯಾವುದು ಬಂದಿಲ್ಲ ಎಂದು ಅಲ್ಲಿ ತೆರೆದು ನೋಡಬಹುದು. ಅದು ಸರಿಯಾಗಿ ರನ್ ಆಗುವವರೆಗೆ ಒಂದೇ ಫೈಲ್ ಮಾಡಲು ಹೋಗುವುದು ಕತ್ತಲಲ್ಲಿ ತಡಕಾಡುವುದಷ್ಟೇ. ಜೊತೆಗೆ ಒಂದು ಸ್ಪೆಕ್ ಫೈಲ್ ಹುಟ್ಟುತ್ತದೆ. ಅದನ್ನು ಎಸೆಯದೆ ಕೋಡಿನ ಜೊತೆಯಲ್ಲೇ ಇಟ್ಟುಕೊಳ್ಳಿ. ಮುಂದಿನ ಬದಲಾವಣೆಗಳನ್ನೆಲ್ಲ ಅದರಲ್ಲೇ ಬರೆದು, ಸ್ಕ್ರಿಪ್ಟಿನ ಬದಲು ಸ್ಪೆಕ್ ಫೈಲನ್ನೇ ಪೈಇನ್‌ಸ್ಟಾಲರಿಗೆ ಕೊಡಬಹುದು.

ಅತಿ ಸಾಮಾನ್ಯವಾದ ದೋಷ ‘ಮಾಡ್ಯೂಲ್ ಸಿಗಲಿಲ್ಲ’ ಎಂಬುದು. ಪೈಇನ್‌ಸ್ಟಾಲರ್ ನಿಮ್ಮ ಕೋಡಿನಲ್ಲಿರುವ ಇಂಪೋರ್ಟ್ ಸಾಲುಗಳನ್ನು ಓದಿಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಮಾಡ್ಯೂಲಿನ ಹೆಸರನ್ನು ಸ್ಟ್ರಿಂಗ್ ಆಗಿ ಇಟ್ಟುಕೊಂಡು ಇಂಪೋರ್ಟ್‌ಲಿಬ್ ಮೂಲಕ ಕರೆದರೆ ಅದಕ್ಕೆ ಗೊತ್ತಾಗುವುದಿಲ್ಲ. ಪ್ಲಗಿನ್ ಇರುವ ಲೈಬ್ರರಿಗಳು, ಡೇಟಾಬೇಸ್ ಡ್ರೈವರುಗಳು ಹೀಗೇ ತಪ್ಪಿಸಿಕೊಳ್ಳುತ್ತವೆ. ಹೆಸರುವಾಸಿ ಲೈಬ್ರರಿಗಳಿಗೆ ಹುಕ್ ಎಂಬ ಸಿದ್ಧ ಸೂಚನೆಗಳಿವೆ. ಉಳಿದವನ್ನು ‘ಹಿಡನ್ ಇಂಪೋರ್ಟ್’ ಆಯ್ಕೆಯಲ್ಲಿ ನೀವೇ ಹೆಸರಿಸಬೇಕು. ಸಿಗದ ಮಾಡ್ಯೂಲುಗಳ ಪಟ್ಟಿ ‘ಬಿಲ್ಡ್’ ಫೋಲ್ಡರಿನಲ್ಲಿ ‘ವಾರ್ನ್’ ಎಂದು ಶುರುವಾಗುವ ಟೆಕ್ಸ್ಟ್ ಫೈಲಿನಲ್ಲಿರುತ್ತದೆ. ಅದು ಉದ್ದವಾಗಿದ್ದರೆ ಗಾಬರಿ ಬೇಡ. ಬೇರೆ ಆಪರೇಟಿಂಗ್ ಸಿಸ್ಟಮ್‌ಗೆ ಮಾತ್ರ ಸಂಬಂಧಿಸಿದ ಹೆಸರುಗಳೂ ಅಲ್ಲಿ ಬರುತ್ತವೆ.

ಚಿತ್ರ, ಫಾಂಟ್, ಟೆಂಪ್ಲೇಟ್ ಮುಂತಾದವು ತಾವಾಗಿ ಬರುವುದಿಲ್ಲ, ‘ಆ್ಯಡ್ ಡೇಟಾ’ ಆಯ್ಕೆಯಲ್ಲಿ ಸೇರಿಸಬೇಕು. ಸೇರಿಸಿದ ಮೇಲೂ ಫೈಲ್ ಸಿಗುತ್ತಿಲ್ಲವಾದರೆ ತಪ್ಪಿರುವುದು ಕೋಡಿನಲ್ಲಿ ಬರೆದ ಫೈಲಿನ ದಾರಿಯಲ್ಲಿ (ಪಾತ್). ‘ಚಿತ್ರಗಳು/ಲೋಗೋ’ ಎಂದಷ್ಟೇ ಬರೆದರೆ ಪ್ರೋಗ್ರಾಂ ಅದನ್ನು ಬಳಕೆದಾರ ಆಗ ಇರುವ ಫೋಲ್ಡರಿನಲ್ಲಿ ಹುಡುಕುತ್ತದೆ. ಡಬಲ್ ಅಂಡರ್‌ಸ್ಕೋರ್ ಇರುವ ‘ಫೈಲ್’ ವೇರಿಯಬಲ್ಲಿನಿಂದ ದಾರಿ ಕಟ್ಟಿದರೆ, ಮೂಟೆ ಬಿಚ್ಚಿದ ಜಾಗವೇ ಸಿಗುತ್ತದೆ. ಮಾಮೂಲಿ ಪೈಥಾನ್‌ನಲ್ಲೂ ಅದೇ ಕೋಡ್ ನಡೆಯುತ್ತದೆ.

ಆದರೆ ಸೆಟ್ಟಿಂಗ್ಸ್, ಡೇಟಾಬೇಸ್, ಲಾಗ್ ಫೈಲುಗಳನ್ನು ಅಲ್ಲಿ ಬರೆಯಕೂಡದು. ಪ್ರೋಗ್ರಾಂ ಮುಚ್ಚಿದ ಕೂಡಲೇ ಆ ಫೋಲ್ಡರಿನ ಜೊತೆ ಅವೂ ಹೋಗುತ್ತವೆ. ‘ಸೇವ್ ಮಾಡಿದ್ದೆಲ್ಲ ಮಾಯವಾಗುತ್ತದೆ’ ಎಂಬ ದೂರಿನ ಹಿಂದೆ ಇರುವುದು ಇದೇ. ಉಳಿಯಬೇಕಾದ್ದನ್ನು ಬಳಕೆದಾರರ ಹೋಮ್ ಫೋಲ್ಡರಿನಡಿ ಬರೆಯಿರಿ.

ವಿಂಡೋಸ್‌ನಲ್ಲಿ ಕಟ್ಟಿದ್ದು ವಿಂಡೋಸ್‌ಗೆ, ಮ್ಯಾಕ್‌ನಲ್ಲಿ ಕಟ್ಟಿದ್ದು ಮ್ಯಾಕ್‌ಗೆ. ಒಂದರಲ್ಲಿ ಕೂತು ಇನ್ನೊಂದಕ್ಕೆ ಕಟ್ಟಲು ಬರುವುದಿಲ್ಲ. ಲಿನಕ್ಸ್‌ನಲ್ಲಿ ಇನ್ನೂ ಒಂದು ತೊಡಕು: ಜಿಲಿಬ್‌ಸಿ ಎಂಬ ಮೂಲ ಲೈಬ್ರರಿ ಮೂಟೆಯೊಳಗೆ ಬರುವುದಿಲ್ಲ, ಅದನ್ನು ಆಯಾ ಕಂಪ್ಯೂಟರಿನಿಂದಲೇ ತೆಗೆದುಕೊಳ್ಳುತ್ತದೆ. ಹಳೆಯ ಜಿಲಿಬ್‌ಸಿಯ ಮೇಲೆ ಕಟ್ಟಿದ್ದು ಹೊಸದರ ಮೇಲೆ ಸಾಮಾನ್ಯವಾಗಿ ನಡೆಯುತ್ತದೆ, ತಿರುಗುಮುರುಗಾದರೆ ನಡೆಯುವುದಿಲ್ಲ. ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂಬಂಥ ದೋಷ ಬಂದರೆ ಕೋಡನ್ನು ತಿದ್ದಿ ಪ್ರಯೋಜನವಿಲ್ಲ. ನೀವು ಬೆಂಬಲಿಸಬೇಕಾದ ಅತಿ ಹಳೆಯ ಲಿನಕ್ಸನ್ನು ಡಾಕರ್ ಕಂಟೇನರಿನಲ್ಲಿ (ನಿಮ್ಮ ಕಂಪ್ಯೂಟರಿನೊಳಗೇ ಪ್ರತ್ಯೇಕವಾಗಿ ನಡೆಯುವ ಲಿನಕ್ಸ್ ಪರಿಸರ) ಹಾಕಿ ಅದರೊಳಗೇ ಕಟ್ಟಿ. ಟೆಂಪ್ ಫೋಲ್ಡರ್ ‘ನೋಎಕ್ಸೆಕ್’ ಆಗಿರುವ, ಅಂದರೆ ಅಲ್ಲಿಂದ ಪ್ರೋಗ್ರಾಂ ನಡೆಸಲು ಅನುಮತಿ ಇಲ್ಲದ ಸರ್ವರುಗಳಲ್ಲಿ ಒಂಟಿ ಫೈಲ್ ಶುರುವಿನಲ್ಲೇ ಬೀಳುತ್ತದೆ. ಅಲ್ಲಿಗೆ ಫೋಲ್ಡರ್ ರೂಪವೇ ಸರಿ.

ಕನ್ಸೋಲ್ (ಸಂದೇಶಗಳು ಅಕ್ಷರಗಳಲ್ಲಿ ಕಾಣುವ ಕಿಟಕಿ) ಇಲ್ಲದ ವಿಂಡೋ ಪ್ರೋಗ್ರಾಂ ಆದರೂ ಪರೀಕ್ಷೆ ಮುಗಿಯುವವರೆಗೆ ಕನ್ಸೋಲ್ ಇರಲಿ, ಇಲ್ಲವಾದರೆ ದೋಷದ ಸಂದೇಶ ಓದಲು ಸಿಗುವುದಿಲ್ಲ. ಕೆಲಸವನ್ನು ಹಲವು ಪ್ರೋಸೆಸ್‌ಗಳಿಗೆ ಹಂಚುವ ಮಲ್ಟಿಪ್ರೋಸೆಸಿಂಗ್ ಬಳಸುತ್ತಿದ್ದರೆ ಮುಖ್ಯ ಭಾಗದ ಮೊದಲ ಸಾಲಿನಲ್ಲೇ ‘ಫ್ರೀಜ್ ಸಪೋರ್ಟ್’ ಫಂಕ್ಷನ್ನನ್ನು ಕರೆಯಿರಿ. ಮರೆತರೆ ಪ್ರೋಗ್ರಾಂ ತನ್ನನ್ನೇ ಮತ್ತೆ ಮತ್ತೆ ತೆರೆಯುತ್ತಾ ಹೋಗಿ ಕಂಪ್ಯೂಟರ್ ಸ್ತಬ್ಧವಾಗುತ್ತದೆ.

ಆ್ಯಂಟಿವೈರಸ್ ತಡೆಯುವುದು ನಿಜಕ್ಕೂ ಬೇಸರದ ವಿಷಯ. ಕೆಟ್ಟ ಪ್ರೋಗ್ರಾಂ ಬರೆಯುವವರೂ ಇದೇ ಬೂಟ್‌ಲೋಡರ್ ಬಳಸುವುದರಿಂದ ಅದರ ಗುರುತೇ ಅನುಮಾನಕ್ಕೆ ಕಾರಣವಾಗುತ್ತದೆ. ಯುಪಿಎಕ್ಸ್ ಎಂಬ ಟೂಲಿನಿಂದ ಗಾತ್ರ ಕುಗ್ಗಿಸಿದ್ದರೆ ಅದನ್ನು ಬಿಡಿ, ಒಂಟಿ ಫೈಲಿನ ಬದಲು ಫೋಲ್ಡರ್ ಕೊಟ್ಟು ನೋಡಿ, ಸಾಧ್ಯವಾದರೆ ಕೋಡ್ ಸೈನಿಂಗ್ (ಪ್ರೋಗ್ರಾಂಗೆ ನಿಮ್ಮ ಡಿಜಿಟಲ್ ಸಹಿ) ಮಾಡಿಸಿ. ಬಳಸುವವರಿಗೆ ಆ್ಯಂಟಿವೈರಸ್ ಆಫ್ ಮಾಡಲು ಮಾತ್ರ ಹೇಳಬೇಡಿ.

ನೀವು ಕೊಡುವವರ ಬಳಿ ಪೈಥಾನ್ ಇದ್ದೇ ಇದೆಯೆಂದಾದರೆ ಇಷ್ಟೆಲ್ಲ ಬೇಕಿಲ್ಲ. ಪೈಥಾನ್ 3.5ರಿಂದ ಜೊತೆಗೇ ಬರುವ, ಕೋಡನ್ನು ಒಂದೇ ಜಿಪ್ ಫೈಲ್ ಮಾಡುವ ಜಿಪ್‌ಆ್ಯಪ್ ಸಾಕು, ಲೈಬ್ರರಿಗಳು ಶುದ್ಧ ಪೈಥಾನ್‌ನವಾಗಿದ್ದರೆ. ಸಿ ಭಾಷೆಯ ಭಾಗಗಳನ್ನು ಜಿಪ್ ಒಳಗಿನಿಂದ ನೇರವಾಗಿ ಲೋಡ್ ಮಾಡಲಾಗದು.

ಪಾಸ್‌ವರ್ಡ್, ಎಪಿಐ ಕೀಗಳನ್ನು ಒಳಗಿಟ್ಟು ‘ಯಾರಿಗೂ ಕಾಣದು’ ಎಂದುಕೊಳ್ಳಬೇಡಿ. ಮೂಟೆ ಬಿಚ್ಚಿ ಬೈಟ್‌ಕೋಡ್ ತೆಗೆಯುವ ಟೂಲುಗಳು ಎಲ್ಲರಿಗೂ ಸಿಗುತ್ತವೆ. ಲೈಬ್ರರಿಗಳನ್ನು ಸೇರಿಸಿ ಹಂಚಿದಾಗ ಅವುಗಳ ಲೈಸೆನ್ಸ್ ಷರತ್ತುಗಳೂ ನಿಮಗೆ ಅನ್ವಯಿಸುತ್ತವೆ. ಪೈಇನ್‌ಸ್ಟಾಲರಿನದು ಜಿಪಿಎಲ್ (ಹಂಚಿದರೆ ಮೂಲ ಕೋಡನ್ನೂ ಕೊಡಬೇಕೆನ್ನುವ ಲೈಸೆನ್ಸ್) ಆದರೂ ಅದರಿಂದ ಕಟ್ಟಿದ ಪ್ರೋಗ್ರಾಂಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಒಳಗಿರುವ ಇತರ ಲೈಬ್ರರಿಗಳಿಗೆ ಆ ವಿನಾಯಿತಿ ಇಲ್ಲ, ಅವುಗಳ ಲೈಸೆನ್ಸನ್ನು ಒಂದೊಂದಾಗಿ ಓದಿ ನೋಡಬೇಕು.