ಟೆರಾಝೋ ಲುಕ್ ಟೈಲ್ಸ್ ಹಾಕಿಸ್ಕೊಂಡ ಕಥೆ

ಮೊದ್ಲು ನಾವು ಮೊಸಾಯಿಕ್ ನೆಲ ಅಂತಿದ್ವಲ್ಲ, ಸಿಮೆಂಟಲ್ಲಿ ಕಲ್ಲಿನ ಚೂರು ಕಲಸಿ ಹಾಕಿ, ಗಟ್ಟಿಯಾದ್ಮೇಲೆ ಮಷಿನ್ನಲ್ಲಿ ಉಜ್ಜಿ ಉಜ್ಜಿ ಪಾಲಿಶ್ ಮಾಡ್ತಿದ್ದಿದ್ದು, ಅದೇ ಟೆರಾಝೋ. ವೆನಿಸ್ ಕಡೆ ಕೆಲಸಗಾರರು ಮಿಕ್ಕಿದ ಅಮೃತಶಿಲೆ ಚೂರುಗಳನ್ನ ಬಳಸ್ಕೊಂಡು ಬೆಳೆಸಿದ ವಿದ್ಯೆ ಅದು. ಈಗಿನ ಪೋರ್ಸಲೇನ್ ಟೈಲ್ಸಲ್ಲಿ ಹೆಚ್ಚಾಗಿ ಆ ಡಿಸೈನ್ ಬರೀ ಪ್ರಿಂಟು. ಡೂಪ್ಲಿಕೇಟ್ ಅಂತ ಮೂಗು ಮುರೀಬೇಡಿ, ಸುಮಾರು 1200 ಡಿಗ್ರಿಲಿ ಸುಟ್ಟಿರ್ತಾರೆ, ನೀರು ಹೀರೋದು 0.5% ಒಳಗೇ, ನೀರು, ಕಲೆ ಇಳೀದಂಗೆ ಮತ್ತೆ ಮತ್ತೆ ಸೀಲರ್ ಹಚ್ಚೋ ತಲೆನೋವೂ ಇಲ್ಲ.

ನಾನು ಎಡವಿದ್ದು ಚುಕ್ಕಿ ಸೈಜಲ್ಲಿ. ಅಂಗೈಯಗಲದ ಸ್ಯಾಂಪಲ್ ನೋಡಿ ಮರುಳಾಗಿ, ದೊಡ್ಡ ದೊಡ್ಡ ಚೂರಿರೋದನ್ನೇ ಪುಟ್ಟ ಬಾತ್ರೂಮಿನ ನೆಲ ಗೋಡೆ ಎರಡಕ್ಕೂ ಹಾಕಿಸ್ಬಿಟ್ಟೆ, ಒಳಗೆ ಹೋದ್ರೆ ಕಣ್ಣು ಕತ್ತಲೆ ಬಂದಂಗಾಗ್ತಿತ್ತು. ಒಂದಿನ ಕಿವಿಯೋಲೆ ತಿರುಪು ಬಿದ್ದಿದ್ದು ಹುಡ್ಕೋಕೆ ಅರ್ಧ ಗಂಟೆ! ಆಮೇಲೆ ಗೋಡೆದು ಕಿತ್ತು ಪ್ಲೇನ್ ಬೂದು ಬಣ್ಣದ್ದು ಹಾಕಿಸ್ದೆ, ಈಗ ನೆಲ ಎದ್ದು ಕಾಣುತ್ತೆ.

ಇನ್ನೊಂದು, ಪ್ರಿಂಟ್ ರಿಪೀಟ್ ಆಗುತ್ತೆ. ಹಾಲಲ್ಲಿ ಹಕ್ಕಿ ಆಕಾರದ ಒಂದು ಕಂದು ಚೂರು ಬಾಗಿಲ ಹತ್ರ ಇದೆ, ಸೋಫಾ ಪಕ್ಕನೂ ಇದೆ, ಒಂದ್ಸಲ ಕಣ್ಣಿಗೆ ಬಿತ್ತೋ ಮುಗೀತು. ಅದಕ್ಕೇ ಅಂಟಿಸೋ ಮುಂಚೆ ಮೂರ್ನಾಲ್ಕು ಬಾಕ್ಸ್ ಒಡೆದು ಬೆರೆಸಿ, ಟೈಲ್ಸ್ ತಿರುಗಿಸಿ ಹರಡಿ ನೋಡಿ. ಸಂದಿಗೆ ತುಂಬೋ ಗ್ರೌಟ್ ಮಾತ್ರ ಟೈಲಿನ ಬೇಸ್ ಕಲರ್ದೇ ಇರ್ಲಿ, ಚುಕ್ಕಿ ಕಲರ್ ಬೇಡ.