ಬಣ್ಣ ನೋಡಿ ರಮ್ ಕೊಳ್ಳಬೇಡಿ: ಮಾರ್ಟಿನೀಕ್‌ಗೆ ಹೋಗುವವರಿಗೆ

ಕೆರಿಬಿಯನ್ ಸಮುದ್ರದಲ್ಲಿರುವ ಫ್ರಾನ್ಸಿನ ದ್ವೀಪ ಮಾರ್ಟಿನೀಕ್. ಅದರ ರಾಜಧಾನಿ ಫೋರ್-ದ-ಫ್ರಾನ್ಸ್‌ನ ಬಂದರಿನ ಬಳಿಯ ಅಂಗಡಿಯೊಂದರಲ್ಲಿ 48 ಯೂರೋ ಕೊಟ್ಟು ಕೊಂಡ ಬಾಟಲಿ ಹಳೆಯ ರಮ್ಮೇ ಅಲ್ಲ ಎಂದು ನನಗೆ ತಿಳಿದದ್ದು ಮೂರು ದಿನಗಳ ನಂತರ. ಜೇನಿನ ಬಣ್ಣ, ಮರದ ಪೆಟ್ಟಿಗೆ, ಪೀಪಾಯಿಯ ಚಿತ್ರ ಎಲ್ಲವೂ ಇದ್ದವು. ಆದರೆ ಅದರ ಮೇಲೆ ಬರೆದದ್ದು ‘ಎಲ್ವೇ ಸು ಬ್ವಾ’ ಎಂದು. ಮರದಲ್ಲಿ ಕನಿಷ್ಠ ಒಂದು ವರ್ಷ ಇಟ್ಟದ್ದು ಎಂದಷ್ಟೇ ಅದರ ಅರ್ಥ. ಅಂಗಡಿಯವನು ಐದಾರು ವರ್ಷದ್ದು ಎಂದು ಹೇಳಿಯೇ ಮಾರಿದ್ದ. ಅಂದು ದೊಡ್ಡ ವಿಹಾರ ಹಡಗು ಬಂದಿತ್ತು, ಒಳಗೆ ಕಾಲಿಡಲು ಜಾಗವಿರಲಿಲ್ಲ. ಹಡಗು ಬಂದ ದಿನ ಆ ಬೀದಿಯ ಕಡೆ ಹೋಗಲೇಬೇಡಿ.

ಹುಡುಕಬೇಕಾದ ಪದ ‘ವ್ಯೊ’, ಅಂದರೆ ಹಳೆಯದು. ಬಾಟಲಿಯ ಮೇಲೆ ವಿ, ಐ, ಇ, ಯು, ಎಕ್ಸ್ ಎಂಬ ಐದು ಅಕ್ಷರಗಳಿರುತ್ತವೆ. 650 ಲೀಟರಿಗಿಂತ ಚಿಕ್ಕ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕಳೆದದ್ದಕ್ಕೆ ಮಾತ್ರ ಆ ಹೆಸರು. ಇನ್ನೂ ಹಳೆಯದಕ್ಕೆ ಬಾಟಲಿಯ ಮೇಲೆ ಬರೆಯುವ ದರ್ಜೆಗಳು ಎರಡು: ವಿಎಸ್‌ಒಪಿಗೆ ಕನಿಷ್ಠ 4 ವರ್ಷ, ಎಕ್ಸ್‌ಒಗೆ 6 ವರ್ಷ. ಇಲ್ಲಿನ ರಮ್ಮಿಗೆ 1996ರಲ್ಲಿ ಫ್ರಾನ್ಸ್ ಮೂಲಸ್ಥಾನದ ಮಾನ್ಯತೆ ಕೊಟ್ಟಿದೆ, ಅದರ ಮೂರಕ್ಷರ ಎಒಸಿ.

ನಿಜವಾದದ್ದನ್ನು ಕುಡಿದದ್ದು ಸೇಂಟ್-ಪಿಯೆರ್‌ನ ದೆಪಾಜ್ ಭಟ್ಟಿಯಲ್ಲಿ. 1902ರ ಮೇ 8ರಂದು ಊರನ್ನೇ ಸುಟ್ಟ ಪೆಲೀ ಜ್ವಾಲಾಮುಖಿಯ ಇಳಿಜಾರಿನಲ್ಲಿ ಅದು ನಿಂತಿದೆ. ಫೆಬ್ರವರಿಯಿಂದ ಜೂನ್‌ವರೆಗೆ ಕಬ್ಬಿನ ಕಟಾವು. ಆಗಲೇ ಹೋಗಿ, ಇಲ್ಲದಿದ್ದರೆ ನಿಂತ ಗಾಣವನ್ನು ನೋಡಿ ಬರಬೇಕಾಗುತ್ತದೆ. ನಾನು ಏಪ್ರಿಲ್‌ನಲ್ಲಿ ಹೋಗಿದ್ದೆ. ಅಂಗಳಕ್ಕೆ ಕಾಲಿಟ್ಟೊಡನೆ ಬಂದದ್ದು ಮಂಡ್ಯದ ಆಲೆಮನೆಯ ವಾಸನೆ! ನಮ್ಮ ರಮ್ ಕಾಕಂಬಿಯಿಂದ ಬರುತ್ತದೆ. ಇವರದ್ದು ಆಗಷ್ಟೇ ಹಿಂಡಿದ ಕಬ್ಬಿನ ಹಾಲನ್ನು ಹುಳಿಯಲು ಬಿಟ್ಟು ಇಳಿಸಿದ್ದು. ಅದಕ್ಕೇ ‘ಅಗ್ರಿಕೋಲ್’, ಹೊಲದ ರಮ್, ಎಂಬ ಹೆಸರು.

ರುಚಿ ತೋರಿಸಿದ ಹೆಂಗಸು ಮೊದಲು ಒಂದು ಹನಿಯನ್ನು ನನ್ನ ಅಂಗೈಗೆ ಹಾಕಿ ಉಜ್ಜಲು ಹೇಳಿದರು. ಮದ್ಯದ ಘಾಟು ಹಾರಿಹೋಯಿತು. ಉಳಿದದ್ದು ಹಸಿ ಕಬ್ಬಿನ ಸಿಪ್ಪೆ, ಒಣಗಿದ ಕಿತ್ತಳೆ ಸಿಪ್ಪೆ, ಲವಂಗ. ಬಾಯಿಗಿಟ್ಟಾಗ ಸಿಹಿ ಇರಲಿಲ್ಲ. ಮರದ ಒಗರು ನಾಲಿಗೆಯ ಅಂಚಿಗೆ ಹಿಡಿದು ಬಹಳ ಹೊತ್ತು ನಿಂತಿತು. ಪೀಪಾಯಿ ಚಿಕ್ಕದಾದಷ್ಟೂ ರಮ್ಮಿಗೆ ಮರ ಹೆಚ್ಚು ತಾಗುತ್ತದೆ. ವರ್ಷವಿಡೀ ಸೆಕೆ ಇರುವುದರಿಂದ ವರ್ಷಕ್ಕೆ ಸುಮಾರು ಶೇಕಡಾ 7–8ರಷ್ಟು ಆವಿಯಾಗಿಯೇ ಹೋಗುತ್ತದೆ. ಅದನ್ನು ‘ದೇವದೂತರ ಪಾಲು’ ಎನ್ನುತ್ತಾರೆ. ಹಳೆಯದಕ್ಕೆ ಬೆಲೆ ಏಕೆ ಏರುತ್ತದೆ ಎಂಬುದು ನನಗೆ ಅಲ್ಲೇ ಅರ್ಥವಾದದ್ದು. ಎರಡು ಬಗೆಗಿಂತ ಹೆಚ್ಚು ಕುಡಿಯಬೇಡಿ, ಮೂರನೆಯದರ ರುಚಿ ಗೊತ್ತಾಗುವುದಿಲ್ಲ.

ಹಿಂತಿರುಗುವ ದಾರಿ ಮಾತ್ರ ನರಕ. ಶನಿವಾರ ಮಧ್ಯಾಹ್ನ. ಮಿನಿಬಸ್ಸು ಸೀಟು ತುಂಬುವವರೆಗೆ ಹೊರಡುವುದಿಲ್ಲ, ಆ ಹೊತ್ತಿಗೆ ತುಂಬುವಷ್ಟು ಜನರೂ ಇಲ್ಲ. ಬಿಸಿಲಲ್ಲಿ ಎರಡು ಗಂಟೆ ಕಾದು, ಕೊನೆಗೆ 70 ಯೂರೋ ಕೊಟ್ಟು ಟ್ಯಾಕ್ಸಿ ಹತ್ತಿದೆ. ವಾರದ ನಡುವೆ, ಬೆಳಿಗ್ಗೆಯೇ ಹೋಗಿ ಬನ್ನಿ. ಕಾರು ಬಾಡಿಗೆಗೆ ಪಡೆದರೆ ಓಡಿಸುವವರು ರುಚಿ ನೋಡುವಂತಿಲ್ಲ, ಇದನ್ನು ಮೊದಲೇ ಮಾತಾಡಿಕೊಳ್ಳಿ. ಷೆಂಗನ್ ವೀಸಾ ಇದ್ದರೆ ಸಾಕೆಂದು ಹೊರಡಬೇಡಿ; ಫ್ರಾನ್ಸಿನ ಸಾಗರೋತ್ತರ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂದು ವೀಸಾದಲ್ಲಿ ಬರೆದಿರಬೇಕು.

ಊಟದ ಮಾತು ಹೇಳದಿದ್ದರೆ ಈ ಬರಹ ಮುಗಿಯುವುದಿಲ್ಲ. ಬಾಸ್-ಪ್ವಾಂತ್‌ನ ರಸ್ತೆ ಬದಿಯಲ್ಲಿ ತಗಡಿನ ಮಾಡು, ನಾಲ್ಕು ಪ್ಲಾಸ್ಟಿಕ್ ಮೇಜು, ಫಲಕವೂ ಇಲ್ಲ. 11 ಯೂರೋಗೆ ಕೋಳಿಯ ‘ಕೊಲಂಬೊ’ ಮತ್ತು ಅನ್ನ. ಮುಚ್ಚಳ ತೆಗೆದಾಗ ಕೊತ್ತಂಬರಿ ಬೀಜ, ಅರಿಶಿನ, ಸಾಸಿವೆಯ ವಾಸನೆ ಮುಖಕ್ಕೆ ಬಡಿಯಿತು. 1853ರಿಂದ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹಡಗಿನಲ್ಲಿ ಬಂದ ದಕ್ಷಿಣ ಭಾರತೀಯರ ಮಸಾಲೆ ಅದು. ಭಾಷೆ ಹೋಗಿದೆ, ಪುಡಿ ಉಳಿದಿದೆ. ಮಾಂಸ ಮೂಳೆಯಿಂದ ತಾನೇ ಬಿಡುತ್ತಿತ್ತು, ಸಾರು ತೆಳ್ಳಗೆ, ಹುಳಿಗೆ ನಿಂಬೆ. ನಾನು ಅನ್ನ ಕಲಸಿ ಕೈಯಲ್ಲಿ ತಿನ್ನುವುದನ್ನು ನೋಡಿದ ಅಜ್ಜಿ, ಕೇಳದೆಯೇ ಇನ್ನೊಂದು ಸೌಟು ಹಾಕಿದರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಒಂದೂವರೆಯೊಳಗೆ ಹೋಗಿ, ಎರಡಕ್ಕೆ ಪಾತ್ರೆ ಖಾಲಿ.