ಹನ್ನೊಂದು ಚೆಂಡು ಮಲ್ಲಿಗೆ, ಒಂದು ಹಳೇ ಪುಸ್ತಕ

ಭಾನುವಾರ ಸಂಜೆ ಕಟಪಾಡಿಯ ನಮ್ಮ ಮನೆ ಚಾವಡಿಯಲ್ಲಿ ಐದು ಮಕ್ಕಳಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಹೇಳಿಕೊಡುತ್ತೇನೆ. ಲ್ಯಾಪ್‌ಟಾಪ್ ಇರುವುದು ಎರಡೇ. ಪುಸ್ತಕ ಮಾತ್ರ ಒಂದು ಬೇಕಿತ್ತು. ಉಡುಪಿಯಲ್ಲಿ ಹಳೆಯದೊಂದು ಎಂಬತ್ತು ರೂಪಾಯಿಗೆ ಸಿಕ್ಕಿತು. ತೆರೆದು ನೋಡದೆ ತಂದೆ, ನನ್ನದೇ ತಪ್ಪು.

ಮೊದಲ ಪಾಠದಲ್ಲೇ ಎಡವಿದೆವು. ಪರದೆಯಲ್ಲಿ ಬರೆಸುವ ಪ್ರಿಂಟ್ ಆಜ್ಞೆಯ ಮುಂದೆ ಬ್ರಾಕೆಟ್ಟೇ ಇಲ್ಲ! ಅದು ಪೈಥಾನ್ 2ರ ಪುಸ್ತಕ. ಬ್ರಾಕೆಟ್ ಬೇಕೇ ಬೇಕೆನ್ನುವ ಪೈಥಾನ್ 3 2008ರಲ್ಲೇ ಬಂದಿದೆ. ಹಳೆಯದಕ್ಕೆ 2020ರ ಜನವರಿ 1ರಿಂದ ಬೆಂಬಲವೂ ಇಲ್ಲ. ಇರಲಿ, ಬ್ರಾಕೆಟ್ ಹಾಕಿಕೊಳ್ಳಿ ಎಂದೆ. ತಪ್ಪಾದರೆ ಕಂಪ್ಯೂಟರೇ ಎರರ್ ತೋರಿಸುತ್ತದೆ, ಮಕ್ಕಳು ತಿದ್ದುತ್ತಾರೆ, ಅಷ್ಟೇ ಅಲ್ವಾ?

ಎರರ್ ತೋರಿಸದ ತಪ್ಪು ಭಾಗಾಕಾರದಲ್ಲಿ ಕಾದಿತ್ತು. ನಾನು ಮಲ್ಲಿಗೆ ಲೆಕ್ಕ ಕೊಟ್ಟೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಲ್ಲಿಗೆಗೆ ಹೆಸರಾದ ಶಂಕರಪುರದ ಕಡೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 11 ಚೆಂಡು ಎಂದರೆ ಎಷ್ಟು ಅಟ್ಟೆ? ಪುಸ್ತಕದ ಪ್ರಕಾರ 11/4 ಬರೆದರೆ 2 ಬರಬೇಕು. ನಮ್ಮ ಪೈಥಾನ್ 3ರಲ್ಲಿ ಬಂದದ್ದು 2.75.

"ಟೀಚರ್, ಹೀಗೆ ಯಾರೂ ಹೇಳುದಿಲ್ಲ. ಅಮ್ಮ ಆದ್ರೆ ಎರಡು ಅಟ್ಟೆ ಮೂರು ಚೆಂಡು ಅಂತಾರೆ" ಎಂದಳು ಹೂ ಕಟ್ಟುವ ಮನೆಯ ಹುಡುಗಿ.

ಪೈಥಾನ್ 3ರಲ್ಲಿ ಎರಡಕ್ಕೆ 11//4, ಉಳಿದ ಮೂರಕ್ಕೆ 11%4. ಭಾಗಲಬ್ಧ, ಶೇಷ ಎಂದ ಕೂಡಲೇ ಐದೂ ಜನಕ್ಕೆ ಅರ್ಥವಾಯಿತು. ಆ ಹಳೇ ಪುಸ್ತಕ ಇದಕ್ಕೆ ಎರಡು ಪುಟ ಇಂಗ್ಲಿಷ್ ಸುರಿದಿತ್ತು.

ಮರುವಾರ ಹೊಸ ಪುಸ್ತಕ ನೋಡಲು ಹೋದವಳು ಮುನ್ನುಡಿ ಬಿಟ್ಟು ನೇರ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಸಾಲುಗಳು) ಇರುವ ಪುಟ ತೆರೆದೆ. ಒಂದರಲ್ಲಿ ಲೂಪ್ ಅರ್ಧಕ್ಕೆ ಪುಟ ಮುಗಿದು, ಉಳಿದ ಸಾಲುಗಳು ಆಚೆ ಪುಟದಲ್ಲಿ ಅಂಚಿಗೇ ಅಂಟಿಕೊಂಡಿದ್ದವು. ಪೈಥಾನ್‌ನಲ್ಲಿ ಸಾಲಿನ ಆರಂಭದ ಖಾಲಿ ಜಾಗವೇ ವ್ಯಾಕರಣ ಮಾರಾಯ್ರೆ! ಮಗು ಅದನ್ನೇ ನೋಡಿ ಟೈಪ್ ಮಾಡಿದರೆ ಕೆಟ್ಟಿತು. ಇನ್ನೊಂದರಲ್ಲಿ ಬಣ್ಣದ ಚಿತ್ರ ಜಾಸ್ತಿ, ಎರರ್ ಮೆಸೇಜ್ ಒಂದೂ ಇಲ್ಲ. ಕೊನೆಗೆ ಆರಿಸಿದ್ದು ಒಂದು ತೆಳ್ಳಗಿನ ಪುಸ್ತಕ. ಅದು ಮೂರನೇ ಪಾಠದಲ್ಲೇ ಬೇಕೆಂದು ತಪ್ಪು ಮಾಡಿಸಿ, ಪರದೆಯ ಮೇಲೆ ಏನು ಬರುತ್ತದೆಂದು ಹಾಗೇ ಅಚ್ಚು ಹಾಕಿದೆ. ಚಂದ ಏನೂ ಇಲ್ಲ, ಕಾಗದವೂ ಸುಮಾರು.

ಅದರ ಭಾಗಾಕಾರದ ಪುಟದ ಅಂಚಿನಲ್ಲಿ ಈಗ ಪೆನ್ಸಿಲ್ ಬರಹ ಒಂದಿದೆ: // ಅಟ್ಟೆ, % ಚೆಂಡು.